ಬಿಯರ್ಡೆಡ್ ಡ್ರ್ಯಾಗನ್‌ಗೆ ದಿನಾ ಪಾಲಕ್ ಕೊಡಬಹುದೇ? ಸತ್ಯಾಂಶ ಇಲ್ಲಿದೆ

ಆಸ್ಟ್ರೇಲಿಯಾದ ಒಣನಾಡಿನ ಈ ಪ್ರಾಣಿ ನಮ್ಮ ಬೇಲಿಯ ಓತಿಕ್ಯಾತದ ಕುಟುಂಬದ್ದೇ. ಇದನ್ನು ಸಾಕುವವರ ನಡುವೆ ಒಂದು ಸಲಹೆ ಫಾರ್ವರ್ಡ್ ಆಗುತ್ತಲೇ ಇರುತ್ತದೆ: ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಮೂಳೆ ಗಟ್ಟಿಯಾಗಲು ದಿನಾ ಕೊಡಿ. ಕಳಿಸುವವರ ಕಾಳಜಿ ನಿಜ, ಸಲಹೆ ಮಾತ್ರ ತಪ್ಪು.

100 ಗ್ರಾಂ ಪಾಲಕ್‌ನಲ್ಲಿ ಸುಮಾರು 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದರ ಹಲವು ಪಟ್ಟು ಆಕ್ಸಲೇಟ್ ಎಂಬ ವಸ್ತು ಕೂಡ ಇದೆ. ಅದು ಕ್ಯಾಲ್ಸಿಯಂ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಕಿಡ್ನಿಯಲ್ಲಿ ಕಲ್ಲಾದವರಿಗೆ ಪಾಲಕ್ ಕಡಿಮೆ ಮಾಡಿ ಎನ್ನುವುದೂ ಈ ಆಕ್ಸಲೇಟ್‌ನಿಂದಲೇ. ಅಪರೂಪಕ್ಕೆ ಒಂದೆಲೆ ತಿಂದರೆ ಗಾಬರಿ ಬೇಡ. ಆದರೆ ಕ್ಯಾಲ್ಸಿಯಂ ಕೊರತೆ ಬೆಳೆದರೆ ದವಡೆ ಮೆತ್ತಗಾಗುತ್ತದೆ, ಕಾಲು ನಡುಗುತ್ತದೆ. ಪಾಪ, ಬಾಯಿಬಿಟ್ಟು ಹೇಳಲಾರದ ಜೀವ.

ಇಂಥ ಸಲಹೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಆಹಾರದ ಪೋಷಕಾಂಶಗಳ ಪಟ್ಟಿಯಲ್ಲಿ ಕ್ಯಾಲ್ಸಿಯಂ ಜೊತೆ ರಂಜಕವನ್ನೂ (ಫಾಸ್ಫರಸ್) ನೋಡಿ. ರಂಜಕಕ್ಕಿಂತ ಕ್ಯಾಲ್ಸಿಯಂ ಎರಡು ಪಟ್ಟಿದ್ದರೆ ಒಳ್ಳೆಯದು. ಪಾಲಕ್ ಇದರಲ್ಲಿ ಪಾಸಾಗುತ್ತದೆ, ಆಕ್ಸಲೇಟ್‌ನಲ್ಲಿ ಸೋಲುತ್ತದೆ. ಒಂದೇ ಅಂಕಿ ನೋಡಿ ನಂಬಬಾರದು ಎನ್ನುವುದು ಇದಕ್ಕೇ. ಮನುಷ್ಯರಿಗೆ ಹೇಳಿದ ಮಾತನ್ನು ಓತಿಗೆ ಅಂಟಿಸಿದ್ದಾರೆಯೇ ಎಂದೂ ಯೋಚಿಸಿ. ಅನುಮಾನವಿದ್ದರೆ ಸರೀಸೃಪ ನೋಡುವ ಪಶುವೈದ್ಯರನ್ನು ಕೇಳಿ.

ಪಾಲಕ್ ಬದಲು ಸಾಸಿವೆ ಸೊಪ್ಪು ಸಣ್ಣಗೆ ಹೆಚ್ಚಿ ಕೊಡಿ, ನಡುವೆ ಒಂದೆರಡು ದಾಸವಾಳದ ಎಸಳು. ಮರಿಗಳಿಗೆ ಹುಳುವೇ ಹೆಚ್ಚು ಬೇಕು: ಕವರಿನಲ್ಲಿ ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿ, ಹುಳುಗಳನ್ನು ಬಿಟ್ಟು ಮೆಲ್ಲಗೆ ಅಲುಗಾಡಿಸಿದರೆ ಮೈಯೆಲ್ಲ ಬೆಳ್ಳಗಾಗುತ್ತದೆ. ಹಾಗೇ ತಿನ್ನಿಸಿ.