ಇಂದಿರಾ ಗಾಂಧಿ ಮತ್ತು ನನ್ನ ಹವಾಯಿ ಚಪ್ಪಲಿ

ಈಗಿನ ಹುಡುಗರಿಗೆ ಹದಿನೆಂಟಕ್ಕೇ ಓಟು. ನಮಗೆ ಇಪ್ಪತ್ತೊಂದು ತುಂಬಬೇಕಿತ್ತು. 1978ರ ನವೆಂಬರಿನಲ್ಲಿ ನನಗೆ ಹತ್ತೊಂಬತ್ತು. ಓಟಿಲ್ಲ, ಜೇಬಲ್ಲಿ ಕಾಸಿಲ್ಲ, ಕಾಲೇಜಿನಲ್ಲಿ ಅಟೆಂಡೆನ್ಸ್ ಅಂತೂ ಇಲ್ಲವೇ ಇಲ್ಲ. ಆದರೂ ದೇಶದ ಭಾರವೆಲ್ಲ ಚಿಕ್ಕಮಗಳೂರಿನ ನಮ್ಮ ಹಿಂದಿನ ಬೆಂಚಿನ ಮೇಲೇ ಬಿದ್ದಿದೆ ಅಂತ ನಂಬಿದ್ದೆವು.

ನಂಬದೆ ಏನು ಮಾಡೋದು? ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ನಮ್ಮೂರಿಗೇ ಬಂದು ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸೀಟು ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಅಲ್ಲಿವರೆಗೆ 'ಕಾಫಿ ಬೆಳೀತಾರಲ್ಲ, ಅಲ್ಲಿ' ಅಂತ ವಿವರಿಸಬೇಕಾಗಿದ್ದ ಊರಿಗೆ ದೆಹಲಿಯಿಂದ, ಹೊರದೇಶದಿಂದ ಪತ್ರಕರ್ತರು ಬಂದರು. ಅಂಥವರೊಬ್ಬರು ಹೋಟೆಲಿನಲ್ಲಿ ಮಸಾಲೆ ದೋಸೆಯನ್ನು ಎರಡು ಕೈಯಲ್ಲಿ ಎತ್ತಿ ಕಚ್ಚುವುದನ್ನು ನೋಡೋಕೆ ನಾವು ರಾಜ್ಯಶಾಸ್ತ್ರದ ಕ್ಲಾಸಿಗೆ ಚಕ್ಕರ್ ಹೊಡೆದೆವು. ಅವತ್ತು ಪಾಠ ಇದ್ದದ್ದು ಚುನಾವಣೆಯ ಮೇಲೇ.

ಗೋಡೆಗೆ ಹಸ್ತದ ಗುರುತು ಬರೆಯೋಕೆ ಕರೆದರು, ಹೋದೆವು. ನಾನು ಬರೆದ ಹಸ್ತಕ್ಕೆ ಆರು ಬೆರಳು ಬಂತು. ಮಾರನೇ ದಿನದಿಂದ ಕರೆಯಲಿಲ್ಲ.

ಆಮೇಲೆ ಆ ಘೋಷಣೆ. 'ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರು, ಚಿಕ್ಕಮಗಳೂರು.' ನಮ್ಮ ಗುಂಪಿನಲ್ಲಿ ಒಬ್ಬನಿಗೂ ನೆಟ್ಟಗೆ ಹಿಂದಿ ಬರುತ್ತಿರಲಿಲ್ಲ. ಶೇರ್ನಿ ಅಂದ್ರೆ ಸೇರು, ಲಂಗೂರ್ ಅಂದ್ರೆ ದ್ರಾಕ್ಷಿ, ಗೆದ್ದರೆ ದ್ರಾಕ್ಷಿ ರೇಟು ಇಳಿಸ್ತಾರೆ ಅಂತ ನಮ್ಮಲ್ಲೇ ಒಬ್ಬ ಪಂಡಿತ ಅರ್ಥ ಹೇಳಿದ. ಪ್ರಾಸ ಚೆನ್ನಾಗಿತ್ತು, ಅಷ್ಟು ಸಾಕಿತ್ತು ನಮಗೆ. ಜನತಾ ಪಕ್ಷದ ಜಾರ್ಜ್ ಫರ್ನಾಂಡಿಸ್ ಭಾಷಣಕ್ಕೆ ಹೋದಾಗ ಜನ ಚಪ್ಪಾಳೆ ತಟ್ಟಿದ ಹುರುಪಿನಲ್ಲಿ ನಾವು ನಾಲ್ಕು ಜನ ಅದನ್ನೇ ಗಟ್ಟಿಯಾಗಿ ಕೂಗಿದೆವು. ಒಂದು ಹೆಣ್ಣು ಸಿಂಹ, ನೂರು ಕೋತಿ ಅಂತ ಅದರ ಅರ್ಥ, ಮತ್ತು ಆ ಕೋತಿಗಳ ಸಭೆಯಲ್ಲೇ ನಾವು ನಿಂತಿದ್ದೇವೆ ಅಂತ, ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಿವಿ ಹಿಂಡುತ್ತಾ ಬಿಡಿಸಿ ಹೇಳಿದರು. ಒಳ್ಳೆ ಮೇಷ್ಟ್ರು. ಇವತ್ತಿಗೂ ಆ ಎರಡು ಹಿಂದಿ ಪದ ಮರೆತಿಲ್ಲ.

ಇನ್ನು ಇಂದಿರಾ ಗಾಂಧಿಯನ್ನು ನೋಡಿದ ಕಥೆ. ಬೆಳಿಗ್ಗೆ ಎಂಟಕ್ಕೇ ರಸ್ತೆ ಪಕ್ಕ ಜಾಗ ಹಿಡಿದಿದ್ದೆವು. ಅಣ್ಣನ ಬೆಲ್‌ಬಾಟಂ ಪ್ಯಾಂಟು, ನನ್ನ ಹವಾಯಿ ಚಪ್ಪಲಿ. ಉಂಗುಷ್ಠ ಮೊದಲೇ ಒಮ್ಮೆ ಕಿತ್ತುಹೋಗಿ, ಅಡಿಗೆ ಪಿನ್ನು ಸಿಕ್ಕಿಸಿದ್ದೆ. ಹನ್ನೆರಡಾಯಿತು. ಕಾರುಗಳು ಬಂದವು. ಜನ ಹಿಂದಿನಿಂದ ಒತ್ತಿದರು, ಪಿನ್ನು ಬಿಚ್ಚಿಕೊಂಡಿತು, ಯಾರೋ ನನ್ನ ಬೆಲ್‌ಬಾಟಂ ತುದಿ ತುಳಿದರು. ಚಪ್ಪಲಿ ಎಲ್ಲಿ ಅಂತ ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಬರೀ ಧೂಳು.

ಮನೆಗೆ ಬಂದರೆ ಅಮ್ಮನ ಮೊದಲ ಪ್ರಶ್ನೆ, "ಸೀರೆ ಯಾವ ಬಣ್ಣದ್ದು?" ಒಂಟಿ ಚಪ್ಪಲಿ ಬೆನ್ನ ಹಿಂದೆ ಮುಚ್ಚಿಕೊಂಡು "ಹಸಿರು, ಜರಿ ಅಂಚು" ಅಂದೆ. ಸಂಜೆ ನನ್ನ ಜೊತೆ ಇದ್ದ ಗೆಳೆಯ ಬಂದು "ಬಿಳಿ ಸೀರೆ, ಅಂಚೇ ಇಲ್ಲ" ಅಂದ. ಅಮ್ಮ ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದರು.

ಎಪ್ಪತ್ತೇಳು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಅವರು ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿ ತಿಹಾರ್ ಜೈಲಿಗೆ ಕಳಿಸಿತು. ನಮ್ಮನ್ನು ಅಟೆಂಡೆನ್ಸ್ ಕೊರತೆ ಅಂತ ಪರೀಕ್ಷೆಯಿಂದ ಹೊರಗಿಡುವುದರಲ್ಲಿದ್ದರು, ಅಪ್ಪ ಬಂದು ಕೈಮುಗಿದರು.

ಮೊನ್ನೆ ಒಂದು ಮದುವೆಯಲ್ಲಿ ಆ ಗೆಳೆಯ ಸಿಕ್ಕಿದ. ನಲವತ್ತು ವರ್ಷ ದಾಟಿದ ಸುಳ್ಳು, ಇನ್ನೇಕೆ ಅಂತ ಒಪ್ಪಿಕೊಂಡುಬಿಟ್ಟೆ, "ನಾನವತ್ತು ನೋಡಲೇ ಇಲ್ಲ ಕಣೋ." ಅವನು ಹೋಳಿಗೆ ಮುರಿಯುತ್ತಾ ಅಂದ, "ನಾನೆಲ್ಲಿ ನೋಡಿದೆ? ನಿನ್ನ ದರಿದ್ರ ಚಪ್ಪಲಿ ಹುಡುಕ್ತಾ ನಿನ್ನ ಪಕ್ಕದಲ್ಲೇ ಬಗ್ಗಿದ್ನಲ್ಲೋ."