ಪೂರ್ವರಂಗವೇ ಪ್ರಸಂಗ

ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಿಂದ ನಾಟಕ ಕಲಿಸುತ್ತಿದೆ. ಮೂರು ವರ್ಷದ ಕೋರ್ಸು. ಅಭಿನಯ, ನಿರ್ದೇಶನ, ಬೆಳಕು, ರಂಗಸಜ್ಜಿಕೆ ಎಲ್ಲ ಉಂಟು, ಉದ್ಘಾಟನೆಯ ಪಾಠವೊಂದಿಲ್ಲ. ಆ ಕೊರತೆ ನೀಗಬೇಕಾದರೆ ಅಲ್ಲಿಂದ ಕಲಿತು ಬಂದವರು ನಮ್ಮ ಕಾರವಾರದ ಕಡೆ ಒಂದು ಪ್ರಯೋಗ ಇಟ್ಟುಕೊಳ್ಳಲಿ.

ತಂಡದವರು ಬೆಳಿಗ್ಗೆಯೇ ಏಣಿ ಹತ್ತಿ 20 ದೀಪ ಕಟ್ಟುತ್ತಾರೆ. ಒಂದೊಂದನ್ನೂ ನಟ ನಿಲ್ಲುವ ಜಾಗಕ್ಕೆ ತಿರುಗಿಸಿ ಬಿಗಿಯುವಷ್ಟರಲ್ಲಿ ಐದಾರು ತಾಸು. ಕಡಲಗಾಳಿಯ ಉಪ್ಪಿಗೆ ಕ್ಲಾಂಪಿನ ಬೋಲ್ಟು ತುಕ್ಕು ಹಿಡಿದಿದ್ದರೆ ದೀಪ ತಿರುಗುವುದೇ ಇಲ್ಲ, ಕಳೆದ ವರ್ಷದ ಮುಖ್ಯ ಅತಿಥಿಯ ಕುರ್ಚಿಯನ್ನೇ ನೋಡುತ್ತ ಕೂತಿರುತ್ತದೆ. ದೀಪವೊಂದಕ್ಕೆ 1000 ವ್ಯಾಟ್ ಎಂದರೆ 20ಕ್ಕೆ ಸುಮಾರು 87 ಆಂಪಿಯರ್. ಮೂರು ಫೇಸಿಗೆ ಹಂಚಬೇಕು. ರಂಗದ ಪಕ್ಕ ಇರುವುದು 15 ಆಂಪಿಯರಿನ ಒಂದು ಸಾಕೆಟ್. ಅದಕ್ಕೂ ಅತಿಥಿಗಳ ಚಹಾದ ಕೆಟಲ್ ಚುಚ್ಚಿಯಾಗಿದೆ.

ಸಂಜೆ 4ಕ್ಕೆ ಶಾಮಿಯಾನದವರ ಪ್ರವೇಶ. ನಟರು ನಿಲ್ಲುವ ಗುರುತಿಗೆ ಅಂಟಿಸಿದ ಟೇಪಿನ ಮೇಲೆ ಕೆಂಪು ಕಾರ್ಪೆಟ್, ಕಾರ್ಪೆಟ್ ಮೇಲೆ 14 ಕುರ್ಚಿ. ಹಿಂದಿನ ಬಿಳಿ ಪರದೆಗೆ ಪಿನ್ನು ಹೊಡೆದು ಬ್ಯಾನರ್. ಆಮೇಲೆ ನಾಟಕದ ನಡುವೆ ಪರದೆಯ ಹಿಂದಿನಿಂದ ಬೆಳಕು ಬಿಟ್ಟಾಗ ಆ ತೂತುಗಳೆಲ್ಲ ಮಿನುಗುತ್ತವೆ: ನಾಟಕದಲ್ಲಿ ನಡುಮಧ್ಯಾಹ್ನ, ಪರದೆಯಲ್ಲಿ ಸಪ್ತರ್ಷಿ ಮಂಡಲ.

ದೀಪ ಬೆಳಗುವುದು ಇನ್ನೊಂದು ಅಂಕ. ಫ್ಯಾನು ಹಾಕಿದರೆ ಬತ್ತಿ ಆರುತ್ತದೆ, ಆರಿಸಿದರೆ ಸಭಿಕರು ಬೇಯುತ್ತಾರೆ. (ಬತ್ತಿಯ ತುದಿಗೆ ಚೂರು ಕರ್ಪೂರ ಇಟ್ಟರೆ ಒಂದೇ ಕಡ್ಡಿಗೆ ಹತ್ತುತ್ತದೆ. ಆದರೆ ಅಷ್ಟು ಬೇಗ ಹತ್ತಿದರೆ ಫೋಟೋದವರು ಒಪ್ಪಬೇಕಲ್ಲ!)

ಯಕ್ಷಗಾನಕ್ಕೂ ಪೂರ್ವರಂಗ, ಅಂದರೆ ಕಥೆಗೆ ಮೊದಲಿನ ಕುಣಿತ, ಉಂಟು ಎಂದು ವಾದಿಸುವವರಿದ್ದಾರೆ. ಉಂಟು. ಅಲ್ಲಿ ಕೋಡಂಗಿಗಳು ಬಂದು, ಕುಣಿದು, ಹೋಗುತ್ತಾರೆ. ಇಲ್ಲಿ ಬಂದವರು ಕೂತುಬಿಡುತ್ತಾರೆ.

ಬಿ. ವಿ. ಕಾರಂತರು ದಿಲ್ಲಿಯ ಶಾಲೆಯ ನಿರ್ದೇಶಕರಾಗಿದ್ದಾಗ, 1979ರಲ್ಲಿ, ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ ಯಕ್ಷಗಾನದ ಧಾಟಿಗೆ ಇಳಿಸಿದ್ದರು. ಆ ಚಂಡೆಯನ್ನು ನಾವು ಈಗ ಅತಿಥಿಗಳನ್ನು ಕಾರಿನಿಂದ ಕುರ್ಚಿಯವರೆಗೆ ಕರೆತರಲಿಕ್ಕೆ ಇಟ್ಟುಕೊಂಡಿದ್ದೇವೆ.

ಆಮಂತ್ರಣದಲ್ಲಿ ನಾಟಕ 6.30ಕ್ಕೆ. 8.45ಕ್ಕೆ ಸಂಘಟಕರು ಬಣ್ಣದ ಕೋಣೆಗೆ ಇಣುಕುತ್ತಾರೆ.

“ಸರ್, ಎರಡು ತಾಸಿನದ್ದು ನಲವತ್ತು ನಿಮಿಷಕ್ಕೆ ಮುಗಿಸಲಿಕ್ಕೆ ಆಗ್ತದಾ? ಜನರಿಗೆ ಅಂಕೋಲೆ ಬಸ್ಸು ತಪ್ತದೆ. ಕೊನೆಗೆ ವಂದನಾರ್ಪಣೆ ಬೇರೆ ಉಂಟು.”