ನಳದ ನೀರು, ನೆರೆಮನೆ ಮತ್ತು ಸೂಟಿಗೆ ಬಂದವರು

ಹೊರದೇಶದಿಂದ ಸೂಟಿಗೆ ಊರಿಗೆ ಬಂದವರ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: ನಮ್ಮ ಜನರಿಗೆ ಶಿಸ್ತಿಲ್ಲ. ಗದಗಿನ ರೈಲು ನಿಲ್ದಾಣದಲ್ಲಿ ಇಳಿದು ಬೆಟಗೇರಿಯ ಮನೆ ಮುಟ್ಟುವುದರೊಳಗೆ, ಓಣಿಯ ತಿರುವಿನಲ್ಲಿ ಬಿದ್ದ ಕಸ ಕಣ್ಣಿಗೆ ಬೀಳುತ್ತಲೇ, ಆ ತೀರ್ಪು ಹೊರಬಿದ್ದಿರುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಹಳ ವರ್ಷಗಳಿಂದ ಸಂಸಾರ ಹೂಡಿರುವ, ಅಲ್ಲಿನ ಶಾಲೆಗಳಿಗೆ ಜುಲೈ ಕೊನೆಯಿಂದ ಬೇಸಿಗೆಯ ಬಿಡುವು ಇರುವುದರಿಂದ ಶ್ರಾವಣಕ್ಕೆ ಸರಿಯಾಗಿ ಮಕ್ಕಳೊಡನೆ ಊರಿಗೆ ಬರುವ ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಎರಡೂ ಕಡೆಯ ದಿನನಿತ್ಯವನ್ನು ಹತ್ತಿರದಿಂದ ಕಂಡ ಮೇಲೆ ನನಗೆ ತಿಳಿದದ್ದು ಇಷ್ಟು: ಶಿಸ್ತು ಜನರ ರಕ್ತದಲ್ಲಿ ಇರುವುದಿಲ್ಲ, ಅವರ ಸುತ್ತ ಇರುವ ಏರ್ಪಾಡಿನಲ್ಲಿ ಇರುತ್ತದೆ.

ಸ್ಟುಟ್‌ಗಾರ್ಟ್‌ ಸೀಮೆಯಲ್ಲಿ ಕೇರ್‌ವೋಖೆ ಎಂಬ ಗುಡಿಸುವ ಸರದಿಯಿದೆ. ನಾಲ್ಕಾರು ಸಂಸಾರಗಳಿರುವ ಕಟ್ಟಡದಲ್ಲಿ ಈ ವಾರ ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುತ್ತದೆ. ಅವರು ಮೆಟ್ಟಿಲು ಒರೆಸಬೇಕು, ಮನೆಯ ಮುಂದಿನ ಕಾಲುದಾರಿಯನ್ನು ಗುಡಿಸಬೇಕು, ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ಹದಿನೈದನೆಯ ಶತಮಾನದ ಕೊನೆಯ ನಗರ ಕಟ್ಟಳೆಗಳಲ್ಲಿ ಬೇರು ಬಿಟ್ಟ ಈ ಪದ್ಧತಿ ಇಂದು ಬಾಡಿಗೆ ಕರಾರಿನ ಷರತ್ತಾಗಿ ಉಳಿದಿದೆ. ಆ ಹಲಗೆ ಇಲ್ಲದೆಯೂ ಅಲ್ಲಿನವರು ತಾವಾಗಿಯೇ ಗುಡಿಸುತ್ತಿದ್ದರೇ ಎಂದು ಕೇಳಿದರೆ, ಐದು ನೂರು ವರ್ಷ ಅವರಿಗೆ ಕಟ್ಟಳೆ ಬೇಕಾಯಿತು ಎಂಬುದೇ ಉತ್ತರ. ಖಾಲಿ ಬಾಟಲಿಗಳ ವಿಷಯವೂ ಹೀಗೆಯೇ. ಒಮ್ಮೆ ಬಳಸಿ ಬಿಸಾಡುವ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಕಟ್ಟಿಸಿಕೊಳ್ಳುವ ನಿಯಮ 2003ರಲ್ಲಿ ಬಂತು. ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ಮರಳುತ್ತದೆ, ಹಾಗಾಗಿ ಬಾಟಲಿ ಬೀದಿಯಲ್ಲಿ ಬಿದ್ದಿರುವುದು ಅಪರೂಪ. ಯಾರಾದರೂ ಬಿಟ್ಟುಹೋದರೂ ಅದನ್ನು ಆಯ್ದುಕೊಳ್ಳುವ ಬಡವರಿದ್ದಾರೆ. ಗದಗಿನಲ್ಲಿಯೂ ಹಳೆಯ ಪತ್ರಿಕೆಯನ್ನು ಯಾರೂ ಬೀದಿಗೆ ಎಸೆಯುವುದಿಲ್ಲ, ರದ್ದಿ ಅಂಗಡಿಯವರು ಅದನ್ನು ತೂಗಿ ಹಣ ಕೊಡುತ್ತಾರೆ. ಬೆಲೆ ಇರುವ ವಸ್ತು ಎರಡೂ ಊರುಗಳಲ್ಲಿ ಕಸವಾಗುವುದಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ನೀರು. ಸ್ಟುಟ್‌ಗಾರ್ಟ್ ನೀರಿನ ಊರಲ್ಲ. ಪಕ್ಕದಲ್ಲಿ ನೆಕಾರ್ ನದಿ ಹರಿದರೂ ಬೆಳೆಯುತ್ತಿದ್ದ ನಗರಕ್ಕೆ ಹತ್ತಿರದ ಸೆಲೆಗಳು ಸಾಲಲಿಲ್ಲ. ಮಹಾಯುದ್ಧದಲ್ಲಿ ಅರ್ಧ ಊರು ನೆಲಸಮವಾಗಿದ್ದ ಕಾಲದ ಬೆನ್ನಿಗೇ, 1954ರಲ್ಲಿ, ಸುತ್ತಲಿನ ಊರುಗಳು ಕೂಡಿ ಒಂದು ಜಲಸಂಘ ಕಟ್ಟಿಕೊಂಡವು. ನೂರು ಕಿಲೋಮೀಟರಿಗೂ ದೂರದ ಬೋಡನ್‌ಸೀ ಸರೋವರದಿಂದ ಬೆಟ್ಟ ಹತ್ತಿಸಿ ತಂದ ನೀರು 1958ರಿಂದ ಹರಿಯುತ್ತಿದೆ. ಇಂದು ನನ್ನ ಮಕ್ಕಳು ನಳಕ್ಕೆ ಲೋಟ ಹಿಡಿದು ನೇರವಾಗಿ ಕುಡಿಯುತ್ತಾರೆ. ನೀರು ಯಾವಾಗ ಬರುತ್ತದೆ ಎಂಬ ಪ್ರಶ್ನೆಯೇ ಅವರಿಗೆ ಗೊತ್ತಿಲ್ಲ.

ಬೆಟಗೇರಿಯಲ್ಲಿ ಮನೆಯ ದಿನಚರಿ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ನಮ್ಮ ಅವಳಿ ನಗರಕ್ಕೆ ನೀರು ತುಂಗಭದ್ರೆಯಿಂದ ಬರಬೇಕು, ಬಂದದ್ದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಓಣಿಗೆ ಬಿಡಲ್ಪಡಬೇಕು. ಇಂತಹ ದಿನ ಎಂದು ಖಾತರಿಯಿಲ್ಲ, ಇಂತಹ ಹೊತ್ತು ಎಂದಂತೂ ಇಲ್ಲವೇ ಇಲ್ಲ. ನಡುರಾತ್ರಿ ಬಂದರೂ ಮೊದಲು ಎಚ್ಚರವಾದ ಮನೆಯವರು ಪಕ್ಕದ ಮನೆಯ ಬಾಗಿಲು ಬಡಿಯುತ್ತಾರೆ. “ಅಕ್ಕಾರ, ನೀರು ಬಂದಾವ ನೋಡ್ರಿ” ಎಂಬ ಕೂಗು ಓಣಿಯ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ಹಂಡೆ, ಕೊಡ, ಪ್ಲಾಸ್ಟಿಕ್ ಪೀಪಾಯಿ, ನೆಲದಡಿಯ ಟಾಕಿ, ಕೊನೆಗೆ ಅಡುಗೆಮನೆಯ ಪಾತೇಲಿಗಳು ಕೂಡ ತುಂಬುತ್ತವೆ. ಮೊಣಕಾಲು ನೋವಿನ ನನ್ನ ಅವ್ವನ ಕೊಡಗಳನ್ನು ಎದುರು ಮನೆಯ ಸೊಸೆ ತುಂಬಿಸಿ ಇಟ್ಟು ಹೋಗುತ್ತಾಳೆ, ಕೇಳುವ ಮೊದಲೇ. ಮರುದಿನ ಇಡೀ ಓಣಿ ಬಟ್ಟೆ ಒಗೆಯುತ್ತದೆ. ಊರಿಗೆ ಹೋಗುವ ಯೋಚನೆ, ಬೀಗರ ಮನೆಯ ಕಾರ್ಯ, ಪಂಚಮಿಯ ಉಂಡಿ ಕಟ್ಟುವ ದಿನ, ಎಲ್ಲವೂ ನಳದ ಹಿಂದೆ ಮುಂದೆ ಸರಿಯುತ್ತವೆ. ಇಷ್ಟು ಎಚ್ಚರ, ಇಷ್ಟು ಲೆಕ್ಕಾಚಾರ, ಒಂದು ತಂಬಿಗೆ ನೀರನ್ನು ತರಕಾರಿ ತೊಳೆದು ಮತ್ತೆ ಗಿಡಕ್ಕೆ ಹಾಕುವ ಇಷ್ಟು ಜಾಗರೂಕತೆ ಇರುವ ಹೆಣ್ಣುಮಕ್ಕಳನ್ನು ಶಿಸ್ತಿಲ್ಲದವರು ಎನ್ನುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಅವರ ಶಿಸ್ತೆಲ್ಲವೂ ನಗರ ಮಾಡಬೇಕಾದ ಕೆಲಸವನ್ನು ಮನೆಯೊಳಗೆ ಮಾಡಿ ಮುಗಿಸುವುದರಲ್ಲಿ ಸವೆಯುತ್ತಿದೆ.

ಸೂಟಿಗೆ ಬಂದವರಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಇದೆ, ಅದು ಮೊದಲನೆಯದಕ್ಕಿಂತ ಸಿಹಿಯಾದದ್ದು. ಅಲ್ಲಿ ಪಕ್ಕದ ಮನೆಯವರ ಹೆಸರು ಕರೆಗಂಟೆಯ ಮೇಲೆ ಓದಿ ತಿಳಿಯಬೇಕು, ಇಲ್ಲಿ ನೆರೆಯವರೇ ಬಳಗ. ಊರೆಂದರೆ ಊರೇ, ಹೀಗೆಯೇ ಇರಲಿ ಎನ್ನುತ್ತಾರೆ. ಸ್ಟುಟ್‌ಗಾರ್ಟ್‌ನ ಭಾನುವಾರದಲ್ಲಿ ಅಂಗಡಿಗಳೆಲ್ಲ ಮುಚ್ಚಿ, ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಹಿಂಜರಿಯುವ ನಿಶ್ಶಬ್ದದಲ್ಲಿ ಕುಳಿತಾಗ, ಬೆಟಗೇರಿಯ ಕಟ್ಟೆಯ ಮೇಲಿನ ಮಾತು, ಕೇಳದೆ ಒಳಗೆ ಬರುವ ಶೇಂಗಾ ಚಟ್ನಿಯ ಬಟ್ಟಲು ನನಗೂ ನೆನಪಾಗುತ್ತವೆ. ಅಲ್ಲಿ ನಾವು ಜ್ವರದಿಂದ ಮಲಗಿದರೆ ವಿಮೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ, ಗಂಜಿ ತಂದುಕೊಡುವವರು ಇರುವುದಿಲ್ಲ. ಆದರೆ ಕೆಲವು ವಾರ ಹಂಡೆಯ ನೀರಿನಲ್ಲಿ ಸ್ನಾನ ಮಾಡಿ, ಇದೇ ಸರಳ ಬದುಕು ಎಂದು ಹೊಗಳಿ, ಮತ್ತೆ ಸದಾ ಹರಿಯುವ ನಳದ ಊರಿಗೆ ಮರಳುವವರ ಮೆಚ್ಚುಗೆಯಿಂದ ಅವ್ವನ ಮೊಣಕಾಲಿಗೆ ಏನೂ ಆಗುವುದಿಲ್ಲ. ಎದುರು ಮನೆಯ ಸೊಸೆಯ ಪ್ರೀತಿ ಉಳಿಯಲು ನೀರು ಬಾರದೆ ಇರಬೇಕೆಂದೇನೂ ಇಲ್ಲ. ಆಕೆ ನೀರಿಲ್ಲದ ಕಾರಣಕ್ಕೆ ಒಳ್ಳೆಯವಳಾದವಳಲ್ಲ.

ನಮ್ಮ ಸೀಮೆಯಲ್ಲಿಯೇ ಏರ್ಪಾಡು ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿ-ಧಾರವಾಡ ಕಣ್ಣೆದುರಿಗಿದೆ. ಅಲ್ಲಿಯೂ ಬಹುಪಾಲು ಬಡಾವಣೆಗಳು ಮಲಪ್ರಭೆಯ ನೀರಿಗಾಗಿ ದಿನ ಎಣಿಸುತ್ತಿದ್ದಾಗ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಆಯ್ದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಹಳೆಯ ಕೊಳವೆಗಳನ್ನು ಬದಲಿಸಿದರು, ಮನೆಮನೆಗೆ ಮೀಟರ್ ಕೂಡಿಸಿದರು. ಸದಾ ಒತ್ತಡವಿರುವ ಕೊಳವೆಯೊಳಗೆ ಹೊರಗಿನ ಕೊಳೆ ನುಗ್ಗುವುದು ಕಡಿಮೆ. ನಾಳೆಯೂ ಬರುತ್ತದೆ ಎಂದು ಗೊತ್ತಿದ್ದವರು ನಿನ್ನೆಯ ನೀರನ್ನು ಚೆಲ್ಲಿ ಹೊಸದನ್ನು ತುಂಬಿಕೊಳ್ಳಬೇಕಾಗಿಲ್ಲ. ಆ ವಾರ್ಡಿನ ಜನ ಬೇರೆ ಲೋಕದಿಂದ ಬಂದವರಲ್ಲ, ಬಾರದ ನೀರಿಗೆ ಕಾಯುತ್ತಿದ್ದ ಪಕ್ಕದ ವಾರ್ಡಿನವರ ಬಂಧುಗಳೇ. ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸಿನ ಮಾತೂ ಅಷ್ಟೆ. ಹಳೆಯ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದವರೇ ಇಲ್ಲಿ ನಿಲ್ದಾಣದಲ್ಲಿ ಮೊದಲೇ ಟಿಕೆಟ್ ಪಡೆದು, ಬಸ್ಸಿನ ಎತ್ತರಕ್ಕೆ ಕಟ್ಟಿದ ಕಟ್ಟೆಯ ಮೇಲೆ ನಿಂತು ಹತ್ತುತ್ತಾರೆ. ಮುಂದಿನ ಬಸ್ಸು ಬರುತ್ತದೆ ಎಂಬ ನಂಬಿಕೆ ಅವರಿಗಿದೆ. ನಿರ್ವಹಣೆ ಸಡಿಲವಾದಾಗ ಆ ನಂಬಿಕೆಯೂ ಸಡಿಲವಾಗುತ್ತದೆ, ಅದಕ್ಕೆ ಹೊಣೆ ಪ್ರಯಾಣಿಕರಲ್ಲ.

ಜರ್ಮನಿಯಿಂದ ಕಲಿಯಬೇಕು ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈನ್ ಸೀಮೆಯ ಹಳ್ಳಿಗಳಲ್ಲಿ ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್ ಎಂಬ ಆಡಳಿತಗಾರ ಬಡ್ಡಿಯ ಸುಳಿಗೆ ಸಿಕ್ಕ ರೈತರಿಗಾಗಿ ಸಾಲ ಸಂಘಗಳನ್ನು ಕಟ್ಟಿದರು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂಬುದು ಅದರ ಮೂಲ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಆ ಸಂಘಗಳನ್ನು ಅಭ್ಯಾಸ ಮಾಡಿ ವರದಿ ಬರೆದರು, 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು, 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದ ಸಂಘವನ್ನು ಸ್ಥಾಪಿಸಿದರು. ಕಾಯ್ದೆ ಬಂದ ಮರುವರ್ಷವೇ, ರಸ್ತೆಯೂ ಸರಿಯಿಲ್ಲದ ಒಂದು ಎರೆಭೂಮಿಯ ಹಳ್ಳಿ ಇದನ್ನು ಮಾಡಿ ತೋರಿಸಿತು ಎಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ. ಅಲ್ಲಿ ಯಾರೂ ನೆರೆತನವನ್ನು ಬಿಟ್ಟು ನಿಯಮವನ್ನು ಹಿಡಿಯಲಿಲ್ಲ. ನೆರೆಯವರು ಒಬ್ಬರನ್ನೊಬ್ಬರು ಬಲ್ಲರು ಎಂಬುದನ್ನೇ ನಿಯಮದ ಬುನಾದಿಯಾಗಿ ಮಾಡಿಕೊಂಡರು. ಮಕ್ಕಳನ್ನು ವೀರನಾರಾಯಣನ ಗುಡಿಗೂ ತ್ರಿಕೂಟೇಶ್ವರಕ್ಕೂ ಕರೆದೊಯ್ಯುವಷ್ಟೇ ಶ್ರದ್ಧೆಯಿಂದ ನಾನು ಅವರನ್ನು ಕಣಗಿನಹಾಳಕ್ಕೂ ಕರೆದೊಯ್ದಿದ್ದೇನೆ. ಅವರು ಬೆಳೆಯುತ್ತಿರುವ ದೇಶಕ್ಕೂ ಅವರ ಅಜ್ಜಿಯ ಜಿಲ್ಲೆಗೂ ಇರುವ ನಂಟನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೋಡನ್‌ಸೀಯಂತಹ ಯೋಜನೆಗೆ ಹಣವೂ ಕಾಲವೂ ಬೇಕು, ಅದನ್ನು ಸರ್ಕಾರವೇ ಮಾಡಬೇಕು. ಆದರೆ ನೀರು ಬಿಡುವ ದಿನವನ್ನು ಮೊದಲೇ ತಿಳಿಸುವುದಕ್ಕೆ ಸರೋವರ ಬೇಡ. ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಗೆ ನೀರು ಎಂಬುದನ್ನು ಬರೆದು ಓಣಿಯ ಬಾಯಲ್ಲಿ ಒಂದು ಹಲಗೆಗೆ ಹಚ್ಚಬಹುದು. ತಪ್ಪಿದ ದಿನ ಏಕೆ ತಪ್ಪಿತು ಎಂಬುದನ್ನೂ ಅದೇ ಹಲಗೆಯ ಮೇಲೆ ಬರೆಯಬಹುದು. ಈ ಬಾರಿ ಓಣಿಯ ಹಿರಿಯರೊಡನೆ ಕುಳಿತು ಇದನ್ನೇ ಒಂದು ಮನವಿಯಾಗಿ ಬರೆದು, ಮನೆಮನೆಯ ಸಹಿ ಪಡೆದು ನಗರಸಭೆಗೆ ಕೊಟ್ಟಿದ್ದೇವೆ. ಸೂಟಿಗೆ ಬರುವ ನಮ್ಮವರು ತಮ್ಮ ತಮ್ಮ ಓಣಿಗಳಲ್ಲಿಯೂ ಇಂತಹ ಮನವಿಗೆ ಹಿರಿಯರ ಜೊತೆ ಕೂಡಬೇಕೆಂದು ಕೇಳಿಕೊಳ್ಳುತ್ತೇನೆ. ಅವರಲ್ಲಿ ಬಿಡುವಿದೆ, ಓಡಾಡುವ ಕಾಲಿನ ಬಲವಿದೆ, ಕಚೇರಿಯಲ್ಲಿ ನಿಂತು ಕೇಳುವ ಧೈರ್ಯವಿದೆ. ರಾತ್ರಿಯಿಡೀ ಕೊಡ ತುಂಬಿದ ಹೆಣ್ಣುಮಕ್ಕಳಲ್ಲಿ ಬೆಳಿಗ್ಗೆ ಇವು ಯಾವುವೂ ಉಳಿದಿರುವುದಿಲ್ಲ.